ಮಡಿದ ಯೋಧನ ಹೆಸರು ಬಸದಿಗೆ ಮೈಲಿಗೆಯೇ?

ಸೈನ್ಯದ ಸೇವೆಯಲ್ಲಿದ್ದು ಮಡಿದ ಮಗನ, ಪತಿಯ ಅಥವಾ ಸೋದರನ ಹೆಸರನ್ನು ತಮ್ಮ ಊರಿನ ಬಸದಿಯಲ್ಲಿ ಒಂದು ಫಲಕದ ಮೇಲೆ ಬರೆಸಬೇಕೆಂದು ಜೈನ ಕುಟುಂಬವೊಂದು ಕೇಳಿಕೊಂಡರೆ ಆಡಳಿತ ಮಂಡಳಿಯವರು ಏನು ಉತ್ತರ ಕೊಡತಕ್ಕದ್ದು? ಮೇಲುನೋಟಕ್ಕೆ ಇದು ಒಂದು ಚದರಡಿ ಗೋಡೆಯ ಪ್ರಶ್ನೆ. ಆದರೆ ನಾವು ಅಹಿಂಸೆಯನ್ನು ಹೇಗೆ ಅರ್ಥಮಾಡಿಕೊಂಡಿದ್ದೇವೆ, ನಮ್ಮ ಪೂರ್ವಿಕರನ್ನು ಎಷ್ಟು ಬಲ್ಲೆವು, ಪಕ್ಕದ ಮನೆಯ ದುಃಖವನ್ನು ಎಷ್ಟರಮಟ್ಟಿಗೆ ನಮ್ಮದೆಂದು ಎಣಿಸುತ್ತೇವೆ ಎಂಬುದೆಲ್ಲವೂ ಆ ಉತ್ತರದಲ್ಲಿ ಬಯಲಾಗುತ್ತದೆ.

ನಾನು ಬಲ್ಲ ಒಂದು ಊರಿನಲ್ಲಿ ಇಂಥ ಕೋರಿಕೆ ಬಂದಿತ್ತು. ಕೇಳಿದವರು ಒಕ್ಕಲುತನದ ಮನೆಯವರು. ಅವರ ಹಿರಿಯ ಮಗ ಹಿಮಾಲಯದ ಗಡಿಠಾಣೆಯೊಂದರಲ್ಲಿ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡಿದ್ದನು. ಆತನ ಹೆಸರು, ಹುಟ್ಟಿದ ಮತ್ತು ಮಡಿದ ದಿನಾಂಕ, ಇಷ್ಟನ್ನು ಕೆತ್ತಿಸಿದ ಒಂದು ಕಲ್ಲು; ವರ್ಷಕ್ಕೊಮ್ಮೆ ಆತನ ಹೆಸರಿನಲ್ಲಿ ಆಹಾರದಾನ. ಅವರು ಕೇಳಿದ್ದು ಇಷ್ಟೇ. ಬಂದ ಉತ್ತರವೂ ಅಷ್ಟೇ ಚಿಕ್ಕದು: ಆಯುಧ ಹಿಡಿದವನ ಹೆಸರು ವೀತರಾಗನ ಸನ್ನಿಧಿಯಲ್ಲಿ ಬರಕೂಡದು. ತಂದೆ ಮರುಮಾತಾಡದೆ ಎದ್ದು ಹೋದರು. ಹಾಗೆ ಹೇಳಿದವರು ಕೆಟ್ಟವರಲ್ಲ. ನಿತ್ಯ ದೇವದರ್ಶನ ತಪ್ಪಿಸದವರು, ರಾತ್ರಿಭೋಜನ ತ್ಯಾಗ ಮಾಡಿದವರು, ಅಣುವ್ರತಗಳನ್ನು ಶ್ರದ್ಧೆಯಿಂದ ಪಾಲಿಸುವವರು. ಆದುದರಿಂದಲೇ ಅವರ ಮಾತನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಅದನ್ನು ಶಾಸ್ತ್ರದ ಮುಂದೆ, ಇತಿಹಾಸದ ಮುಂದೆ, ನಮ್ಮ ನಿತ್ಯದ ವ್ಯವಹಾರದ ಮುಂದೆ ಇಟ್ಟು ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸಿದಾಗ ಅದು ಮೂರೂ ಕಡೆ ನಿಲ್ಲುವುದಿಲ್ಲ ಎಂಬುದೇ ಈ ಲೇಖನದ ವಾದ.

ಮೊದಲು ಶಾಸ್ತ್ರವನ್ನು ನೋಡೋಣ. ಹಿಂಸೆಯೆಂದರೆ ಪ್ರಾಣಹರಣ ಮಾತ್ರವಲ್ಲ, ಪ್ರಮಾದದಿಂದ ಕೂಡಿದ ಮನಸ್ಸು, ಮಾತು, ಕಾಯಗಳ ಮೂಲಕ ನಡೆಯುವ ಪ್ರಾಣಹರಣವೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳಿದೆ. ರಾಗದ್ವೇಷಗಳ ಉದಯವೇ ಹಿಂಸೆ, ಅವುಗಳ ಅನುದಯವೇ ಅಹಿಂಸೆ ಎಂಬುದು ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯದ ಸಾರ. ಬಲೆ ಬೀಸಿ ಕುಳಿತ ಬೆಸ್ತನಿಗೆ ಒಂದು ಮೀನೂ ಸಿಗದಿದ್ದರೂ ಆತನ ಭಾವದಲ್ಲಿ ಹಿಂಸೆಯಿದೆ. ನೇಗಿಲು ಹೂಡಿದ ರೈತನ ಕಾಲಡಿಯಲ್ಲಿ ಎಷ್ಟೋ ಜೀವಿಗಳು ಸತ್ತರೂ ಆತನ ಭಾವ ಬೇರೆ ಎಂಬ ದೃಷ್ಟಾಂತವನ್ನು ಸೋಮದೇವಸೂರಿಗಳು ಯಶಸ್ತಿಲಕದಲ್ಲಿ ಕೊಟ್ಟಿದ್ದಾರೆ. ಈ ವಿವೇಕದಿಂದಲೇ ನಮ್ಮ ಆಚಾರ್ಯಪರಂಪರೆಯಲ್ಲಿ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಕ್ರಮ ಬೆಳೆದು ಬಂತು. ಬೇಕೆಂದೇ ಕೊಲ್ಲುವುದು ಸಂಕಲ್ಪೀ ಹಿಂಸೆ. ಅಡುಗೆ, ಮನೆಕಟ್ಟುವಿಕೆ ಮೊದಲಾದವುಗಳಲ್ಲಿ ಆಗುವುದು ಆರಂಭೀ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ತನ್ನನ್ನು, ತನ್ನವರನ್ನು, ದೇಶವನ್ನು ಆಕ್ರಮಣದಿಂದ ಕಾಯುವಾಗ ಆಗುವುದು ವಿರೋಧೀ. ಮಹಾವ್ರತಿಯಾದ ಮುನಿಯು ನಾಲ್ಕನ್ನೂ ಬಿಡುತ್ತಾನೆ. ಅಣುವ್ರತಿಯಾದ ಗೃಹಸ್ಥನು ಮೊದಲನೆಯದನ್ನು ಸಂಪೂರ್ಣವಾಗಿ ಬಿಟ್ಟು, ಉಳಿದ ಮೂರನ್ನು ಆದಷ್ಟು ಕಡಿಮೆ ಮಾಡುತ್ತ ಬಾಳಬೇಕು.

ಸೈನಿಕನು ಗೃಹಸ್ಥನೇ ಹೊರತು ಮುನಿಯಲ್ಲ. ಮುನಿಗೆ ವಿಧಿಸಿದ ಅಳತೆಗೋಲನ್ನು ಸೈನಿಕನೊಬ್ಬನ ಮೇಲೆ ಮಾತ್ರ ಇಟ್ಟು, ಉಳಿದೆಲ್ಲ ಗೃಹಸ್ಥರಿಗೆ ಗೃಹಸ್ಥರ ಅಳತೆಗೋಲನ್ನೇ ಇಡುವುದು ಯಾವ ನ್ಯಾಯ? ಆದಿತೀರ್ಥಂಕರರು ಪ್ರಜೆಗಳಿಗೆ ಕಲಿಸಿಕೊಟ್ಟ ಷಟ್ಕರ್ಮಗಳನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ: ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಇವುಗಳಲ್ಲಿ ಮೊದಲನೆಯದಾದ ಅಸಿ ಎಂದರೆ ಖಡ್ಗ. ವಾಣಿಜ್ಯದವನ ಹೆಸರು ಅಮೃತಶಿಲೆಯ ಮೇಲೆ ಮೆರೆಯಬಹುದು, ಮಸಿಯವನು ಆಡಳಿತ ಮಂಡಳಿಯ ಕಾರ್ಯದರ್ಶಿಯಾಗಬಹುದು, ಅಸಿಯವನ ಹೆಸರು ಮಾತ್ರ ಹೊಸಿಲು ದಾಟಕೂಡದು ಎಂದು ಯಾವ ಶಾಸ್ತ್ರ ಹೇಳಿದೆ? ಶಸ್ತ್ರ ಹಿಡಿದು ಸಮರಕ್ಕೆ ಬಂದವನ ಮೇಲೆ, ನಾಡಿಗೆ ಕಂಟಕನಾದವನ ಮೇಲೆ ಮಾತ್ರ ಅರಸರು ಆಯುಧ ಪ್ರಯೋಗಿಸತಕ್ಕದ್ದು, ದೀನರ ಮೇಲೂ ಸಜ್ಜನರ ಮೇಲೂ ಅಲ್ಲವೆಂದು ಅದೇ ಸೋಮದೇವಸೂರಿಗಳು ಮಿತಿ ಹಾಕಿಕೊಟ್ಟಿದ್ದಾರೆ. ಮಿತಿಯನ್ನು ಹಾಕಿದರೆಂದರೆ ಆ ವೃತ್ತಿಯನ್ನು ಧರ್ಮದ ಚೌಕಟ್ಟಿನೊಳಗೆ ತಂದರೆಂದೇ ಅರ್ಥ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸೈನ್ಯದ ಸೇವೆಯಲ್ಲಿ ಮಡಿದವರೆಲ್ಲರೂ ಯಾರನ್ನೋ ಕೊಂದವರೆಂದು ಊಹಿಸುವುದೇ ಅಜ್ಞಾನ. ೧೯೮೪ರ ಏಪ್ರಿಲ್‌ನಿಂದ ನಮ್ಮ ಸೈನ್ಯ ಕಾಯುತ್ತಿರುವ ಸಿಯಾಚಿನ್ ಹಿಮನದಿಯ ಮೇಲೆ ಶತ್ರುವಿನ ಗುಂಡಿಗಿಂತ ಹಿಮಕುಸಿತ, ಚಳಿ ಮತ್ತು ಪ್ರಾಣವಾಯುವಿನ ಕೊರತೆಗೆ ಬಲಿಯಾದವರೇ ಹೆಚ್ಚು. ೨೦೧೬ರ ಫೆಬ್ರವರಿಯಲ್ಲಿ ಅಲ್ಲಿನ ಹಿಮದಡಿ ದಿನಗಟ್ಟಲೆ ಸಿಲುಕಿ, ಜೀವಂತವಾಗಿ ಹೊರಬಂದರೂ ಬದುಕುಳಿಯದ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಕನ್ನಡಿಗರಾರೂ ಮರೆತಿಲ್ಲ. ೨೦೧೩ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಪ್ರವಾಹದಲ್ಲಿ ಸಿಲುಕಿದ ಯಾತ್ರಿಕರನ್ನು ಪಾರುಮಾಡುತ್ತಿದ್ದ ವಾಯುಪಡೆಯ ಹೆಲಿಕಾಪ್ಟರ್ ಗೌರೀಕುಂಡದ ಬಳಿ ಉರುಳಿ ೨೦ ಮಂದಿ ಅಸುನೀಗಿದರು. ಅನ್ಯರ ಪ್ರಾಣವನ್ನು ಉಳಿಸಲು ಹೋಗಿ ಪ್ರಾಣಬಿಟ್ಟವರು ಅವರು. ಚತುರ್ವಿಧ ದಾನಗಳಲ್ಲಿ ಅಭಯದಾನಕ್ಕೆ ನಾವು ಎಂಥ ಸ್ಥಾನ ಕೊಟ್ಟಿದ್ದೇವೆ! ಆಹಾರ, ಔಷಧ, ಶಾಸ್ತ್ರದಾನ ಮಾಡಿದವರಿಗೆ ಸನ್ಮಾನ. ತನ್ನ ದೇಹವನ್ನೇ ಅಡ್ಡವಿಟ್ಟು ಅಭಯ ನೀಡಿದವನಿಗೆ ಮಾತ್ರ ಬಾಗಿಲು ಮುಚ್ಚಿದೆ ಎನ್ನುವುದೇ?

ಈಗ ಇತಿಹಾಸ. ಕರ್ನಾಟಕದ ಜೈನರಿಗೆ ಇದನ್ನು ಬೇರೆ ಯಾರಾದರೂ ಹೇಳಿಕೊಡಬೇಕಾಗಿ ಬಂದದ್ದೇ ವಿಷಾದ. ನಮ್ಮ ಅತ್ಯಂತ ಪೂಜ್ಯ ವಿಗ್ರಹವನ್ನು ಕಡೆಯಿಸಿದವನು ಯಾರು? ಗಂಗ ರಾಚಮಲ್ಲನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯ. ಆತನ ಬಿರುದುಗಳಲ್ಲಿ ವೀರಮಾರ್ತಂಡ, ರಣರಂಗಸಿಂಗ ಎಂಬುವು ರಣರಂಗದಿಂದ ಬಂದವು. ಸಮ್ಯಕ್ತ್ವರತ್ನಾಕರ ಎಂಬುದು ಧರ್ಮಶ್ರದ್ಧೆಯಿಂದ ಬಂದುದು. ಎರಡೂ ಬಗೆಯ ಬಿರುದುಗಳನ್ನು ಒಂದೇ ಹೆಸರಿನ ಪಕ್ಕದಲ್ಲಿ ಬರೆಯಲು ಅಂದಿನವರಿಗೆ ಸಂಕೋಚವಾಗಲಿಲ್ಲ. ಆತನ ಅರಸನಾಗಿದ್ದ ಇಮ್ಮಡಿ ಮಾರಸಿಂಹನು ಜೀವಮಾನವೆಲ್ಲ ಯುದ್ಧಗಳನ್ನು ಮಾಡಿ, ಕೊನೆಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನು. ಆತನ ಯುದ್ಧಗಳನ್ನೂ ಆತನ ಸಲ್ಲೇಖನವನ್ನೂ ಒಟ್ಟಿಗೆ ಹೇಳುವ ಶಾಸನ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಮೇಲಿದೆ. ಯಾತ್ರೆಗೆ ಹೋದಾಗ ನಾವು ಆ ಕಂಬವನ್ನು ನೋಡಿಬರುತ್ತೇವೆ, ಅದರ ಮೇಲೆ ಏನು ಬರೆದಿದೆಯೆಂದು ಕೇಳುವುದಿಲ್ಲ.

ಅದೇ ಕ್ಷೇತ್ರದಲ್ಲಿ ಕುದುರೆಯನ್ನೇರಿ ಖಡ್ಗವೆತ್ತಿ, ಆನೆಯ ಮೇಲಿನ ಶತ್ರುವನ್ನು ಎದುರಿಸುವ ಸ್ತ್ರೀಯೊಬ್ಬಳ ವೀರಗಲ್ಲಿದೆ. ಪತಿಯೊಡನೆ ರಣಕ್ಕೆ ಹೋಗಿ ಮಡಿದ ಸಾವಿಯಬ್ಬೆ ಎಂಬ ಶ್ರಾವಿಕೆಯ ಸ್ಮರಣಾರ್ಥವಾಗಿ ನಿಲ್ಲಿಸಿದ ಕಲ್ಲು ಅದು. ಶಾಸನವು ಆಕೆಯನ್ನು ಅಚಲವಾದ ಸಮ್ಯಕ್ತ್ವಕ್ಕೆ ಹೆಸರಾದ ರೇವತಿ ರಾಣಿಗೆ ಹೋಲಿಸಿದೆ. ಹತ್ತನೆಯ ಶತಮಾನದ ಜೈನರು ಆಯುಧ ಹಿಡಿದು ಮಡಿದ ಹೆಣ್ಣುಮಗಳೊಬ್ಬಳ ಕಲ್ಲನ್ನು ತಮ್ಮ ಪರಮಕ್ಷೇತ್ರದಲ್ಲಿಯೇ ನಿಲ್ಲಿಸಿದರು. ಇಂದಿನ ನಾವು ಹಿಮದಲ್ಲಿ ಮಡಿದ ಹುಡುಗನ ಹೆಸರಿಗೆ ಒಂದು ಚದರಡಿ ಜಾಗ ಕೊಡಲಾರೆವು.

ಹಳೇಬೀಡಿನ ಪಾರ್ಶ್ವನಾಥ ಬಸದಿಗೆ ಹೋಗದ ಜೈನ ಕುಟುಂಬ ಅಪರೂಪ. ಹೊಳಪುಳ್ಳ ಕಂಬಗಳಲ್ಲಿ ತಮ್ಮ ಪ್ರತಿಬಿಂಬ ನೋಡಿ ಮಕ್ಕಳು ಸಂತೋಷಪಡುತ್ತಾರೆ. ಆ ಬಸದಿ ಏಕೆ ಹುಟ್ಟಿತೆಂಬುದನ್ನು ಮಕ್ಕಳಿಗೆ ಯಾರಾದರೂ ಹೇಳುತ್ತಾರೆಯೇ? ಹೊಯ್ಸಳ ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜನು ತೀರಿಕೊಂಡ ಮೇಲೆ ಆತನ ಮಗ ಬೊಪ್ಪನು ತಂದೆಯ ನೆನಪಿಗಾಗಿ ಕ್ರಿ.ಶ. ೧೧೩೩ರಲ್ಲಿ ಅದನ್ನು ಕಟ್ಟಿಸಿದನು. ಆ ಜಿನಾಲಯಕ್ಕೆ ಇಟ್ಟ ಹೆಸರು ದ್ರೋಹಘರಟ್ಟ. ಅದು ಗಂಗರಾಜನ ಯುದ್ಧದ ಬಿರುದು; ದ್ರೋಹಿಗಳನ್ನು ಬೀಸುವ ಕಲ್ಲು ಎಂದು ಅದರ ಅರ್ಥ. ಹೀಗೆ ಸೇನಾನಿಯೊಬ್ಬನ ನೆನಪಿಗೆ ಆತನ ಮಗ ಕಟ್ಟಿಸಿದ್ದು ಇಡೀ ಜಿನಾಲಯವನ್ನೇ. ಮುಂದೆ ಹುಳ್ಳನು ಕಟ್ಟಿಸಿದ ಶ್ರವಣಬೆಳಗೊಳದ ಭಂಡಾರಿ ಬಸದಿಯ ಶಾಸನವು ಜಿನಶಾಸನವನ್ನು ಉದ್ಧರಿಸಿದವರೆಂದು ಮೂವರನ್ನು ಹೆಸರಿಸುತ್ತದೆ: ಚಾವುಂಡರಾಯ, ಗಂಗರಾಜ, ಹುಳ್ಳ. ಮೂವರೂ ರಾಜಸೇವೆಯಲ್ಲಿದ್ದವರು, ಮೊದಲಿನ ಇಬ್ಬರು ಸೇನೆಯನ್ನು ನಡೆಸಿದವರು. ಇವರ ಹೆಸರುಗಳನ್ನು ಅಳಿಸಿದರೆ ಕರ್ನಾಟಕದ ಜೈನಧರ್ಮದ ಇತಿಹಾಸದಲ್ಲಿ ಉಳಿಯುವುದೆಷ್ಟು?

ಆಡಳಿತ ಮಂಡಳಿಯ ಹಿರಿಯರು ಇದಕ್ಕೆ ಒಂದು ಉತ್ತರ ಕೊಡಬಹುದು: ಅವರೆಲ್ಲರೂ ಬಸದಿ ಕಟ್ಟಿಸಿದರು, ದತ್ತಿ ಬಿಟ್ಟರು, ಅವರ ಹೆಸರು ಉಳಿದದ್ದು ದಾನಿಗಳಾಗಿ, ಯೋಧರಾಗಿ ಅಲ್ಲ. ಒಳ್ಳೆಯದು. ಹಾಗಾದರೆ ಈ ವಾದದ ತಿರುಳು ಅಹಿಂಸೆಯಲ್ಲ, ಹಣ ಎಂದಾಯಿತು. ಕೊಟ್ಟವನು ಕತ್ತಿ ಹಿಡಿದಿದ್ದರೂ ಅಡ್ಡಿಯಿಲ್ಲ, ಕೊಡಲಾರದವನು ಹಿಡಿದಿದ್ದರೆ ಮಾತ್ರ ದೋಷ! ಇಲ್ಲಿಗೆ ನಾವು ನಮ್ಮ ನಿತ್ಯವ್ಯವಹಾರದ ಮುಂದೆ ಬಂದು ನಿಂತೆವು.

ನಮ್ಮ ಬಸದಿಗಳ ಗೋಡೆಗಳನ್ನು ಒಮ್ಮೆ ನೋಡಿರಿ. ನೆಲಹಾಸಿಗೆ ಕೊಟ್ಟವರ ಹೆಸರು, ಬಾಗಿಲಿಗೆ ಕೊಟ್ಟವರ ಹೆಸರು, ಬೀಸಣಿಗೆಯ ರೆಕ್ಕೆಯ ಮೇಲೆ ಹೆಸರು, ಗೋಡೆಗಡಿಯಾರದ ಗಾಜಿನ ಮೇಲೆ ಹೆಸರು, ನೀರಿನ ತೊಟ್ಟಿಯ ಮೇಲೆ ಹೆಸರು. ಹೆಚ್ಚು ಕೊಟ್ಟವರದು ದೊಡ್ಡ ಅಕ್ಷರ, ಕಡಿಮೆ ಕೊಟ್ಟವರದು ಸಣ್ಣ ಅಕ್ಷರ. ಆ ಹಣವನ್ನು ಗಳಿಸಿದ ವ್ಯಾಪಾರದಲ್ಲಿ ಉದ್ಯೋಗೀ ಹಿಂಸೆ ಎಷ್ಟಿತ್ತು, ಅಸತ್ಯ ಎಷ್ಟಿತ್ತು, ತೂಕದಲ್ಲಿ ಅಸ್ತೇಯ ಎಷ್ಟು ಉಳಿದಿತ್ತು ಎಂದು ಯಾವ ಮಂಡಳಿಯೂ ವಿಚಾರಣೆ ನಡೆಸಿದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ. ನಡೆಸಬೇಕೆಂದೂ ನಾನು ಹೇಳುತ್ತಿಲ್ಲ. ವೀತರಾಗನ ಸನ್ನಿಧಿಯಲ್ಲಿ ಲೌಕಿಕರ ಹೆಸರೇ ಇರಕೂಡದೆಂಬುದು ನಿಮ್ಮ ನಿಜವಾದ ಸಿದ್ಧಾಂತವಾಗಿದ್ದರೆ ಅದನ್ನು ನಾನು ಗೌರವಿಸುತ್ತೇನೆ. ಆದರೆ ಆಗ ಎಲ್ಲ ಹೆಸರುಗಳನ್ನೂ ತೆಗೆಯಿರಿ. ಬೀಸಣಿಗೆಯಿಂದಲೇ ಆರಂಭಿಸಿರಿ. ಎಲ್ಲವನ್ನೂ ತೆಗೆಯುವ ಧೈರ್ಯವಿಲ್ಲದಿದ್ದರೆ ಒಂದನ್ನು ಮಾತ್ರ ತಡೆಯುವ ಅಧಿಕಾರವೂ ಇಲ್ಲ.

ಚಾವುಂಡರಾಯನ ದಾನಗರ್ವವನ್ನು ಗುಳ್ಳಕಾಯಜ್ಜಿ ಕಳೆದ ಕಥೆಯನ್ನು ನಾವೆಲ್ಲರೂ ಹೇಳುತ್ತೇವೆ. ಸೇನಾಪತಿಯ ಕೊಡಗಟ್ಟಲೆ ಹಾಲು ಗೊಮ್ಮಟನ ಪಾದದವರೆಗೆ ಇಳಿಯಲಿಲ್ಲ. ಬಡಮುದುಕಿಯ ಗುಳ್ಳಕಾಯಿಯಷ್ಟು ಹಾಲು ಬೆಟ್ಟದಿಂದ ಕೆಳಗೆ ಹರಿಯಿತು. ಆಕೆಯ ಮೂರ್ತಿ ಇಂದಿಗೂ ಗೊಮ್ಮಟನಿಗೆ ಅಭಿಮುಖವಾಗಿ ನಿಂತಿದೆ. ಮೂರು ಎಕರೆ ಹೊಲದವನು ಮಗನ ಹೆಸರಿಗೆ ವರ್ಷಕ್ಕೊಂದು ಆಹಾರದಾನ ಮಾಡುತ್ತೇನೆಂದು ಬಂದಾಗ ಆತನ ಕೈಯಲ್ಲಿದ್ದುದು ಆ ಗುಳ್ಳಕಾಯಿಯೇ ಎಂದು ಮಂಡಳಿಯವರಿಗೆ ತೋರಬೇಕಾಗಿತ್ತು.

ಇನ್ನು ನಮ್ಮ ರಕ್ಷಣೆಯ ವಿಷಯ. ಗಡಿಯನ್ನು ಯಾರೋ ಕಾಯುತ್ತಿದ್ದಾರೆ. ಆ ಕಾವಲಿನ ಕೆಳಗೆ ನಮ್ಮ ಅಂಗಡಿಗಳು ತೆರೆಯುತ್ತವೆ, ಪಂಚಕಲ್ಯಾಣಗಳು ನಡೆಯುತ್ತವೆ, ಮುನಿಸಂಘಗಳು ನಿರ್ಭಯವಾಗಿ ವಿಹಾರ ಮಾಡುತ್ತವೆ. ಕಾಯುವ ಕೆಲಸ ಇತರರ ಮಕ್ಕಳದು, ಕೈ ತೊಳೆದುಕೊಂಡು ಶುದ್ಧವಾಗಿರುವ ಕೆಲಸ ನಮ್ಮದು ಎನ್ನುವುದಾದರೆ ಅದನ್ನು ಅಹಿಂಸೆ ಎನ್ನಲಾಗದು. ತಾನು ಮಾಡದೆ ಇತರರಿಂದ ಮಾಡಿಸಿದುದೂ, ಇತರರು ಮಾಡಿದುದಕ್ಕೆ ಅನುಮೋದಿಸಿದುದೂ ಕರ್ಮಬಂಧಕ್ಕೆ ಕಾರಣವೆಂದು ಕೃತ, ಕಾರಿತ, ಅನುಮೋದನೆಗಳ ಪಾಠವನ್ನು ಜಗತ್ತಿಗೆ ಹೇಳಿಕೊಟ್ಟವರು ನಾವೇ. ಆ ಪಾಠದಂತೆ ನೋಡಿದರೆ ಸೈನಿಕನ ಬಂದೂಕಿನ ಭಾರದಲ್ಲಿ ತೆರಿಗೆ ಕೊಟ್ಟು ನಿದ್ದೆಮಾಡುವ ನಮ್ಮೆಲ್ಲರ ಪಾಲೂ ಇದೆ. ಆತನ ಹೆಸರನ್ನು ಹೊರಗಿಟ್ಟ ಮಾತ್ರಕ್ಕೆ ಆ ಪಾಲು ಕಳೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಎದುರುಬದಿಯ ಅಪಾಯವನ್ನೂ ಅಷ್ಟೇ ಕಟುವಾಗಿ ಹೇಳಬೇಕು. ಬಸದಿ ಮೌನವಾದರೆ ಯೋಧನ ನೆನಪು ಅಳಿಯುವುದಿಲ್ಲ, ಅದು ಬೇರೆಯವರ ಕೈಗೆ ಹೋಗುತ್ತದೆ. ಪಾರ್ಥಿವ ಶರೀರ ಊರಿಗೆ ಬಂದ ದಿನ ವಾಹನಗಳ ಸಾಲು, ಘೋಷಣೆ, ಭಾಷಣ, ಸೇಡಿನ ಮಾತು. ಮರುತಿಂಗಳು ಆ ಮನೆಯ ಅಂಗಳದಲ್ಲಿ ಯಾರೂ ಇರುವುದಿಲ್ಲ. ಹೆತ್ತವರ ಶೋಕವನ್ನು ಅನ್ಯರ ಮೇಲಿನ ದ್ವೇಷವನ್ನಾಗಿ ತಿರುಗಿಸುವುದು ಅತ್ಯಂತ ಸುಲಭವಾದ ಕೆಲಸ. ಅದನ್ನು ಮಾಡುವವರಿಗೆ ಕೊರತೆಯಿಲ್ಲ. ಆ ಶೋಕವನ್ನು ಸಮತೆಯ ಕಡೆಗೆ ತಿರುಗಿಸುವುದು ಕಷ್ಟದ ಕೆಲಸ. ಅದಕ್ಕಾಗಿಯೇ ಇರುವ ಸ್ಥಳ ಬಸದಿ. ಆ ಸ್ಥಳವೇ ಬಾಗಿಲು ಹಾಕಿಕೊಂಡರೆ ಅಹಿಂಸೆಗೆ ಆಗುವ ಹಾನಿ ಒಂದು ಫಲಕದಿಂದ ಆಗುವ ಹಾನಿಗಿಂತ ನೂರು ಪಾಲು ದೊಡ್ಡದು.

ಯುದ್ಧದಲ್ಲಿ ಸತ್ತವನಿಗೆ ಸ್ವರ್ಗ ಕಟ್ಟಿಟ್ಟದ್ದು ಎಂಬ ಲೋಕಪ್ರಸಿದ್ಧವಾದ ಮಾತನ್ನು ನಮ್ಮ ಪರಂಪರೆ ಒಪ್ಪಿಲ್ಲ. ಶ್ವೇತಾಂಬರ ಆಗಮವಾದ ಭಗವತೀ ಸೂತ್ರದಲ್ಲಿ ಗೌತಮ ಗಣಧರರು ಇದೇ ಪ್ರಶ್ನೆಯನ್ನು ಕೇಳುತ್ತಾರೆ, ಭಗವಾನ್ ಮಹಾವೀರರು ಆ ಮಾತು ಮಿಥ್ಯೆಯೆನ್ನುತ್ತಾರೆ. ಅಲ್ಲಿ ಬರುವ ವರುಣನೆಂಬ ಶ್ರಾವಕನು ವೈಶಾಲಿಯವನು. ರಾಜಾಜ್ಞೆಯಂತೆ ರಥಮುಸಲ ಸಂಗ್ರಾಮಕ್ಕೆ ಹೊರಡುವಾಗ, ತನ್ನ ಮೇಲೆ ಮೊದಲು ಕೈಮಾಡದವನ ಮೇಲೆ ತಾನು ಕೈಮಾಡುವುದಿಲ್ಲವೆಂಬ ನಿಯಮ ಹಿಡಿದನು. ಎದುರಾಳಿಯು ಬಾಣಬಿಟ್ಟು ಗಾಯಗೊಳಿಸಿದ ಮೇಲೆಯೇ ತಿರುಗಿ ಹೊಡೆದನು. ಮಾರಣಾಂತಿಕವಾದ ಗಾಯವೆಂದು ತಿಳಿದಾಗ ರಣರಂಗದಿಂದ ಏಕಾಂತಕ್ಕೆ ಸರಿದು, ದರ್ಭೆಯ ಮೇಲೆ ಕುಳಿತು, ಸರ್ವಹಿಂಸೆಯನ್ನೂ ತ್ಯಜಿಸಿ ಸಮಾಧಿಮರಣ ಹೊಂದಿದನು. ಆತನಿಗೆ ಸದ್ಗತಿಯಾಯಿತು; ಅದು ಕೊಂದುದಕ್ಕಾಗಿ ಅಲ್ಲ, ಕೊನೆಯಲ್ಲಿ ದ್ವೇಷ ಬಿಟ್ಟುದಕ್ಕಾಗಿ. ಜೈನನಾದವನು ಯೋಧನನ್ನು ನೆನೆಯಬೇಕಾದ ರೀತಿಗೆ ಇದಕ್ಕಿಂತ ಸ್ಪಷ್ಟವಾದ ಮಾರ್ಗದರ್ಶನ ಬೇಕೆ? ಸೂತ್ರವು ಆತನ ಹೆಸರನ್ನು ಮುಚ್ಚಿಡಲಿಲ್ಲ, ಯುದ್ಧವನ್ನೂ ಹೊಗಳಲಿಲ್ಲ. ವ್ಯಕ್ತಿಯನ್ನು ಗೌರವಿಸಿತು, ಕೊಲೆಯನ್ನು ಗೌರವಿಸಲಿಲ್ಲ.

ಚಾವುಂಡರಾಯನ ಜೀವನದಲ್ಲಿಯೂ ಇಂಥದೊಂದು ಪಾಠವಿದೆ. ಆತನ ತಮ್ಮ ನಾಗವರ್ಮನು ಶತ್ರುವಿನ ಕೈಯಲ್ಲಿ ಹತನಾಗಿದ್ದನು. ತಮ್ಮನನ್ನು ಕೊಂದವನನ್ನು ಚಾವುಂಡರಾಯನು ಕೊಂದು ಸಮರಪರಶುರಾಮನೆಂಬ ಬಿರುದನ್ನು ಪಡೆದನು. ಒಡಹುಟ್ಟಿದವನನ್ನು ಯುದ್ಧದಲ್ಲಿ ಕಳೆದುಕೊಂಡು, ಸೇಡನ್ನೂ ತೀರಿಸಿಕೊಂಡ ಈ ಸೇನಾಪತಿ ಮುಂದೆ ವಿಂಧ್ಯಗಿರಿಯ ಮೇಲೆ ಕಡೆಯಿಸಿದ್ದು ಯಾರನ್ನು? ಅಣ್ಣನನ್ನು ಎರಡು ಕೈಗಳಲ್ಲಿ ಎತ್ತಿಹಿಡಿದು, ನೆಲಕ್ಕೆ ಅಪ್ಪಳಿಸಬಹುದಾಗಿದ್ದ ಕ್ಷಣದಲ್ಲಿ ಮೆಲ್ಲನೆ ಇಳಿಸಿ, ಗೆದ್ದ ರಾಜ್ಯವನ್ನು ಬಿಟ್ಟು ನಡೆದ ಬಾಹುಬಲಿಯನ್ನು. ಆ ಕಥೆಯಲ್ಲಿಯೂ ಮಂತ್ರಿಗಳು ಎರಡೂ ಕಡೆಯ ಸೈನ್ಯಗಳು ಸಾಯದಿರಲೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು; ಸಾಮಾನ್ಯ ಯೋಧನ ಪ್ರಾಣವೂ ಅಮೂಲ್ಯವೆಂಬ ಎಣಿಕೆ ಅಲ್ಲಿತ್ತು. ಸಮರಪರಶುರಾಮನೆಂಬ ಬಿರುದನ್ನು ಇಂದು ಪಂಡಿತರು ಮಾತ್ರ ಬಲ್ಲರು. ಸಾವಿರ ವರ್ಷಗಳ ಮೇಲೂ ಲೋಕವು ಕೈಮುಗಿಯುತ್ತಿರುವುದು ಆಯುಧವಿಲ್ಲದ ಆ ಎರಡು ತೋಳುಗಳಿಗೆ.

ನಮ್ಮಲ್ಲಿ ಪಿಂಡಪ್ರದಾನವಿಲ್ಲ, ಶ್ರಾದ್ಧವಿಲ್ಲ. ದೇಹ ಬಿಟ್ಟ ಜೀವ ಕೆಲವೇ ಸಮಯಗಳಲ್ಲಿ ತನ್ನ ಕರ್ಮಕ್ಕೆ ತಕ್ಕ ಗತಿಗೆ ಸೇರುತ್ತದೆ. ನಾವು ಇಲ್ಲಿ ಏನು ಅರ್ಪಿಸಿದರೂ ಅದು ಆತನಿಗೆ ತಲುಪುವುದಿಲ್ಲ. ಆದುದರಿಂದ ಸ್ಮರಣೆಯು ಇರುವವರಿಗಾಗಿ ಮಾಡುವ ಕಾರ್ಯ. ಅದರ ಮೊದಲ ಹಕ್ಕು ತಂದೆತಾಯಿಗೆ, ಪತ್ನಿಗೆ, ಮಕ್ಕಳಿಗೆ ಸೇರಿದ್ದು. ೧೯೯೯ರ ಕಾರ್ಗಿಲ್ ಯುದ್ಧದಲ್ಲಿ ಮಡಿದ ೫೨೭ ಯೋಧರ ಕಾಲದಿಂದೀಚೆಗೆ ಪಾರ್ಥಿವ ಶರೀರವನ್ನು ಊರಿಗೇ ತಂದೊಪ್ಪಿಸುವ ಪದ್ಧತಿ ನೆಲೆಗೊಂಡಿದೆ. ೧೯೬೨, ೧೯೬೫, ೧೯೭೧ರ ಯುದ್ಧಗಳ ಕಾಲದಲ್ಲಿ ಬಹುಮಂದಿಯ ಅಂತ್ಯಸಂಸ್ಕಾರ ರಣಭೂಮಿಯ ಬಳಿಯಲ್ಲಿಯೇ ನಡೆಯುತ್ತಿತ್ತು. ಮನೆಗೆ ಬರುತ್ತಿದ್ದುದು ತಂತಿ ಸಂದೇಶ. ಅಂಥ ಮನೆಗಳಲ್ಲಿ ಕೈಮುಗಿಯಲು ಒಂದು ಜಾಗವೂ ಇಲ್ಲದೆ ತಾಯಂದಿರು ಮುದುಕಿಯರಾಗಿ ತೀರಿಕೊಂಡರು. ೨೦೧೯ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧಸ್ಮಾರಕವು ಲೋಕಾರ್ಪಣೆಯಾಗಿ, ಸ್ವಾತಂತ್ರ್ಯಾನಂತರ ಮಡಿದ ೨೫,೦೦೦ಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಅಲ್ಲಿ ಕೆತ್ತಲಾಗಿದೆ. ಸಂತೋಷ. ಆದರೆ ದೆಹಲಿಯ ಗೋಡೆಯನ್ನು ಮುಟ್ಟಲು ಹಳ್ಳಿಯ ತಾಯಿ ಎಷ್ಟು ಸಲ ಹೋದಾಳು? ಆಕೆ ದಿನವೂ ಹೋಗುವುದು ಊರ ಬಸದಿಗೆ.

ಪತ್ನಿಯ ವಿಷಯದಲ್ಲಿ ನಮ್ಮ ಸಮಾಜ ಇನ್ನೂ ಹೆಚ್ಚು ನಾಚಬೇಕಾಗಿದೆ. ಭಾಷಣದಲ್ಲಿ ಆಕೆಯನ್ನು ವೀರನಾರಿ ಎಂದು ಕರೆದು, ಮರುವಾರ ಮನೆಯ ಮಂಗಳಕಾರ್ಯದಲ್ಲಿ ಹಿಂದಿನ ಸಾಲಿಗೆ ಸರಿಸುತ್ತೇವೆ. ಪರಿಹಾರದ ಹಣಕ್ಕಾಗಿ ಅತ್ತೆಮನೆ, ತವರುಮನೆಗಳ ನಡುವೆ ಜಗಳ ಹತ್ತಿದಾಗ ಹಿರಿಯರೆನಿಸಿದವರು ಮೌನ ವಹಿಸುತ್ತಾರೆ. ಶೌರ್ಯಪ್ರಶಸ್ತಿ ಪಡೆದು ಮಡಿದವನ ವಿಧವೆ ಮೈದುನನನ್ನಲ್ಲದೆ ಬೇರೆಯವರನ್ನು ಮದುವೆಯಾದರೆ ಆ ಪ್ರಶಸ್ತಿಯ ಭತ್ಯೆ ನಿಲ್ಲುತ್ತದೆಂಬ ನಿಬಂಧನೆಯನ್ನು ಸರಕಾರವೇ ೨೦೧೭ರ ನವೆಂಬರಿನಲ್ಲಿ ಕೈಬಿಟ್ಟಿತು. ಸರಕಾರಕ್ಕೆ ಬಂದ ವಿವೇಕ ನಮ್ಮ ಮನೆಗಳಿಗೆ ಏಕೆ ಬರಬಾರದು? ನಮ್ಮ ಇತಿಹಾಸದಲ್ಲಿಯೇ ದಾರಿಯಿದೆ. ರಾಷ್ಟ್ರಕೂಟರ ಕಾಲದಲ್ಲಿ ನಾಗರಖಂಡದ ಅಧಿಕಾರಿಯಾಗಿದ್ದ ಪತಿ ತೀರಿಕೊಂಡಾಗ ಜಕ್ಕಿಯಬ್ಬೆಗೆ ಆತನ ಅಧಿಕಾರವನ್ನೇ ಒಪ್ಪಿಸಲಾಯಿತು. ಆಕೆ ನಾಡನ್ನು ಸಮರ್ಥವಾಗಿ ಆಳಿ, ಕೊನೆಗೆ ಬಂದಣಿಕೆಯಲ್ಲಿ ಸಲ್ಲೇಖನ ಸ್ವೀಕರಿಸಿದಳು. ಚಾಲುಕ್ಯ ದಂಡನಾಯಕ ನಾಗದೇವನು ಅಕಾಲದಲ್ಲಿ ಮರಣಿಸಿದಾಗ ಆತನ ಒಬ್ಬ ಪತ್ನಿ ಗುಂಡಮಬ್ಬೆ ಸಹಗಮನ ಮಾಡಿದಳು. ಆಕೆಯ ಅಕ್ಕನೂ ಸವತಿಯೂ ಆದ ಅತ್ತಿಮಬ್ಬೆ ಬದುಕಿ ಉಳಿದಳು, ಮಗನನ್ನು ಬೆಳೆಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು, ೧೦೦೭ರ ವೇಳೆಗೆ ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದಳು. ಚಿತೆಯೇರಿದವಳ ಹೆಸರು ಕಥೆಯಲ್ಲಿ ಉಳಿದಿದೆ, ದಾನಚಿಂತಾಮಣಿಯ ಹೆಸರು ನಾಡಿನಲ್ಲಿ ಉಳಿದಿದೆ. ಪತಿವಿಯೋಗವನ್ನು ಹೊತ್ತು ಬಾಳಬೇಕಾದ ಹೆಣ್ಣಿಗೆ ಸಮಾಜವು ಕೊಡಬೇಕಾದುದು ಇಂಥ ಕಾರ್ಯಕ್ಷೇತ್ರವನ್ನು.

ಕೇವಲ ಖಂಡನೆಯಿಂದ ಪ್ರಯೋಜನವಿಲ್ಲ. ಆದುದರಿಂದ ಬಸದಿಗಳ ಟ್ರಸ್ಟುಗಳ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ. ಗರ್ಭಗೃಹದಲ್ಲಿಯೂ ನವರಂಗದಲ್ಲಿಯೂ ಬೇಡ. ಪ್ರಾಕಾರದ ಅಥವಾ ಪಾಠಶಾಲೆಯ ಗೋಡೆಯಲ್ಲಿ ಸೇವೆಯಲ್ಲಿ ಮಡಿದ ಊರಿನ ಜೈನ ಯೋಧರಿಗಾಗಿ ಒಂದು ಕಲ್ಲಿರಲಿ. ಹೆಸರು, ತಂದೆತಾಯಿಯರ ಹೆಸರು, ಹುಟ್ಟಿದ ದಿನ, ಮಡಿದ ದಿನ ಮತ್ತು ಸ್ಥಳ ಮಾತ್ರ ಇರಲಿ. ಅಧಿಕಾರಿಗೂ ಸಿಪಾಯಿಗೂ, ಸಿರಿವಂತರ ಮಗನಿಗೂ ಬಡವರ ಮಗನಿಗೂ ಅಕ್ಷರದ ಅಳತೆ ಒಂದೇ ಇರಲಿ. ಆಯುಧದ ಚಿತ್ರ ಬೇಡ, ಶತ್ರುವಿನ ಹೆಸರು ಬೇಡ, ಫಲಕ ಮಾಡಿಸಿಕೊಟ್ಟವರ ಹೆಸರಂತೂ ಬೇಡವೇ ಬೇಡ. ಇದಕ್ಕೆ ಕುಟುಂಬದಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳಕೂಡದು. ಪುಣ್ಯತಿಥಿಯ ದಿನ ಹೆಸರನ್ನು ಓದಿ, ಅನಿತ್ಯ, ಅಶರಣ ಮೊದಲಾದ ದ್ವಾದಶಾನುಪ್ರೇಕ್ಷೆಗಳ ಪಾರಾಯಣ ನಡೆಯಲಿ. ರಾಜಕೀಯ ಭಾಷಣಕ್ಕೆ ಅಲ್ಲಿ ಅವಕಾಶವಿರದಿರಲಿ. ಕುಟುಂಬದವರು ಬಯಸಿದ ದಾನ ಆಹಾರವೋ ಔಷಧವೋ ವಿದ್ಯೆಯೋ ಆಗಿರಲಿ. ಅದು ಜಾತಿಮತ ನೋಡದೆ ಸಲ್ಲಲಿ.

ಇದಕ್ಕಿಂತ ಮುಖ್ಯವಾದುದು ಕಲ್ಲಿನಾಚೆಯ ಕೆಲಸ. ಪಿಂಚಣಿ, ಪರಿಹಾರ, ಮಕ್ಕಳ ವಿದ್ಯಾಭ್ಯಾಸದ ಸೌಲಭ್ಯಗಳಿಗಾಗಿ ಆ ಮನೆಯವರು ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೆ ಒಬ್ಬರೇ ಅಲೆಯದಂತೆ, ಕಾಗದಪತ್ರ ಬಲ್ಲ ಇಬ್ಬರನ್ನು ಮಂಡಳಿಯು ಜೊತೆಗೆ ಕಳಿಸಲಿ. ವೃ ದ್ಧ ತಂದೆತಾಯಿ ಮತ್ತು ಪತ್ನಿಯ ನಡುವೆ ಹಣದ ವಿವಾದ ಎದ್ದರೆ ನಿಷ್ಪಕ್ಷಪಾತವಾಗಿ ಕುಳಿತು ಬಗೆಹರಿಸಲಿ. ಆ ಮನೆಯ ಹೆಣ್ಣುಮಗಳಿಗೆ ಪೂಜೆ, ಅಭಿಷೇಕ, ಮಂಗಳಕಾರ್ಯಗಳಲ್ಲಿ ಎಲ್ಲರಿಗಿರುವ ಸ್ಥಾನವೇ ಇರಲಿ. ೧೯೪೯ರಿಂದ ಪ್ರತಿ ಡಿಸೆಂಬರ್ ೭ರಂದು ಸಶಸ್ತ್ರಪಡೆಗಳ ಧ್ವಜ ದಿನ ಆಚರಣೆಯಾಗುತ್ತಿದೆ. ಚೀಟಿ ಅಂಟಿಸಿಕೊಂಡು ಮರೆಯುವ ಬದಲು ಅಂದು ನಾಲ್ವರು ಶ್ರಾವಕರು ಅಂಥ ಮನೆಗಳಿಗೆ ಹೋಗಿ ಕುಳಿತು ಬರಲಿ. ಮಾತಾಡದಿದ್ದರೂ ಆದೀತು.

ದಶಲಕ್ಷಣ ಪರ್ವದ ಕೊನೆಯಲ್ಲಿ ನಾವು ಕ್ಷಮಾವಾಣಿಯನ್ನು ಆಚರಿಸುತ್ತೇವೆ. ಸಕಲ ಜೀವಿಗಳಲ್ಲಿಯೂ ಕ್ಷಮೆ ಬೇಡುತ್ತೇವೆ, ಸಕಲ ಜೀವಿಗಳನ್ನೂ ಕ್ಷಮಿಸುತ್ತೇವೆ. ಗಡಿಯ ಆಚೆಯ ತಾಯಿಯೂ ಆ ಸಕಲದಲ್ಲಿ ಸೇರಿದವಳು. ಮಗನನ್ನು ಕಳೆದುಕೊಂಡ ನಮ್ಮ ತಾಯಿಯೊಬ್ಬಳು ಆಕೆಯನ್ನು ಕ್ಷಮಿಸಬಲ್ಲಳಾದರೆ ಅದಕ್ಕಿಂತ ದೊಡ್ಡ ಅಹಿಂಸೆ ಯಾವುದಿದೆ? ಆದರೆ ಅದನ್ನು ಆಕೆಯಿಂದ ಅಪೇಕ್ಷಿಸುವ ಮೊದಲು ಆಕೆಯ ಮಗನ ಹೆಸರನ್ನು ಕೇಳಿಸಿಕೊಳ್ಳುವಷ್ಟು ತಾಳ್ಮೆ ನಮಗಿರಬೇಕು. ಈ ವರ್ಷದ ಕ್ಷಮಾವಾಣಿಗೆ ಮುಂಚಿತವಾಗಿ ಪ್ರತಿಯೊಂದು ಆಡಳಿತ ಮಂಡಳಿಯೂ ತನ್ನ ಊರಿನಲ್ಲಿ ಹಾಗೆ ಹಿಂದಿರುಗಿ ಹೋದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಲಿ. ಇದ್ದರೆ ಅಧ್ಯಕ್ಷರು ತಾವೇ ಅವರ ಮನೆಗೆ ಹೋಗಿ ಕೈಮುಗಿದು ಕರೆತರಲಿ. ಕಲ್ಲು ಕಡೆಯುವವನನ್ನು ಆಮೇಲೆ ಕರೆದರಾಯಿತು.